ಉಮಿಕರಿಯ ಗೆರಟೆ, ಬ್ರಷ್ಷಿನ ಲೋಟ

ದಕ್ಷಿಣ ಕನ್ನಡದ ಬೆಳ್ಳಾರೆ, ನಿಂತಿಕಲ್ಲು, ಕಾಣಿಯೂರು ಕಡೆಯ ಹಳೆಯ ಮನೆಗಳಲ್ಲಿ ಹಲ್ಲುಜ್ಜುವ ಸಾಮಾನು ಅಂದರೆ ಬಚ್ಚಲ ಗೋಡೆಯ ಗೂಡಿನಲ್ಲಿ ಒಂದು ಗೆರಟೆ ಉಮಿಕರಿ, ಅಷ್ಟೆ. ಅಂಗಳದಲ್ಲಿ ಬತ್ತದ ಉಮಿ ರಾಶಿ ಹಾಕಿ ಕೆಂಡ ಇಟ್ಟರೆ ಅದು ಹೊಗೆಯಾಡುತ್ತಾ ನಿಧಾನಕ್ಕೆ ಕಪ್ಪಾಗುತ್ತದೆ. ಬೂದಿಯಾಗುವ ಮೊದಲೇ ನೀರು ಚಿಮುಕಿಸಿ ಆರಿಸಬೇಕು. ನಮ್ಮ ಅಜ್ಜಿ ಅದಕ್ಕೆ ಉಪ್ಪು, ನಾಲ್ಕು ಕಾಳುಮೆಣಸು ಸೇರಿಸಿ ಹುಡಿ ಮಾಡುತ್ತಿದ್ದರು. ಕರಿ ಬೇಡವೆಂದವರಿಗೆ ಮಾವಿನೆಲೆ. ಮಡಚಿ ಹಲ್ಲಿಗೆ ಉಜ್ಜಿ, ನಡುವಿನ ಕಡ್ಡಿ ಸೀಳಿ ನಾಲಿಗೆ ಹೆರೆದು, ತೆಂಗಿನ ಬುಡಕ್ಕೆ ಎಸೆದರೆ ಮುಗಿಯಿತು.

ಇದನ್ನು ಹೊಗಳಲು ನಾನು ಹೊರಟಿಲ್ಲ. ಉಮಿಯಲ್ಲಿ ಸಿಲಿಕಾ ಹೇರಳ, ತಿಕ್ಕಿ ತಿಕ್ಕಿ ಹಲ್ಲು ಸವೆಯುತ್ತದೆ. ಮನೆಮಂದಿಯ ಒದ್ದೆ ಬೆರಳೆಲ್ಲ ಅದೇ ಗೆರಟೆಗೆ. ಆದರೆ ಎಲೆಗೆ ಒಂದು ಗುಣವಿತ್ತು: ಇವತ್ತು ಬಾಯಿಗೆ ಹೋದದ್ದು ನಾಳೆ ಮತ್ತೆ ಬಾಯಿಗೆ ಬರುತ್ತಿರಲಿಲ್ಲ.

ಆಮೇಲೆ ಅಂಗಡಿಯ ಹುಡಿ ಬಂತು. ನಂಜನಗೂಡಿನಲ್ಲಿ ಬಿ.ವಿ. ಪಂಡಿತರ ಸದ್ವೈದ್ಯಶಾಲೆ 1913ರಿಂದಲೇ ಗುಲಾಬಿ ಬಣ್ಣದ ಹಲ್ಲುಪುಡಿ ಮಾಡುತ್ತಿತ್ತು. ಅದಕ್ಕೂ ಬೆರಳೇ ಸಾಕು. ನಮ್ಮ ಮನೆಗೆ ಬ್ರಷ್ ಹೊಕ್ಕಿದ್ದು ಅಣ್ಣ ಪುತ್ತೂರಿನಲ್ಲಿ ಕಾಲೇಜಿಗೆ ಸೇರಿದ ಮೇಲೆ. 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಎಳೆಯ ಬ್ರಷ್ ಬರುವ ತನಕ ಹೆಚ್ಚಿನವು ಹಂದಿಯ ಕೂದಲಿನವು. ಅದು ಗೊತ್ತಿದ್ದರೆ ಅಜ್ಜಿ ಅಂಗಳಕ್ಕೂ ಬಿಡುತ್ತಿರಲಿಲ್ಲ!

ಬಾಯಿಯ ಕ್ರಿಮಿಗಳ ಕಥೆ ಇನ್ನೂ ಹಳೆಯದು. 1683ರಲ್ಲಿ ಹಾಲೆಂಡಿನ ಡೆಲ್ಫ್ಟಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ತನ್ನ ಹಲ್ಲಿನ ಸಂದಿಯ ಬಿಳಿ ಲೋಳೆಯನ್ನು ತಾನೇ ಮಾಡಿದ ಮಸೂರದಲ್ಲಿ ನೋಡಿ, ಅದರೊಳಗೆ ಓಡಾಡುವ ಜೀವಿಗಳಿವೆ ಎಂದು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ದಿನಾ ಉಪ್ಪಿನಲ್ಲಿ ಹಲ್ಲುಜ್ಜುವ ಮನುಷ್ಯ ಆತ. 1924ರಲ್ಲಿ ಹಲ್ಲಿನ ಹುಳುಕಿನಿಂದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದವರು ಕ್ಲಾರ್ಕ್ ಎಂಬ ವಿಜ್ಞಾನಿ. ಬಳಸಿದ ಬ್ರಷ್ಷಿನಲ್ಲಿ ಅದಲ್ಲದೆ ಸ್ಟ್ಯಾಫಿಲೊಕಾಕಸ್, ಕ್ಯಾಂಡಿಡಾ ಶಿಲೀಂಧ್ರ, ಪಾಯಿಖಾನೆ ಬಚ್ಚಲಿಗೆ ಹತ್ತಿಕೊಂಡಿದ್ದರೆ ಕರುಳಿನ ಬ್ಯಾಕ್ಟೀರಿಯಾಗಳೂ ಸಿಕ್ಕಿವೆ. ಗಟ್ಟಿ ಆರೋಗ್ಯದವರಿಗೆ ಇದರಿಂದ ಕಾಯಿಲೆ ಬರುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ. ರೋಗನಿರೋಧಕ ಶಕ್ತಿ ಕುಂದಿದವರ ಮಾತು ಬೇರೆ.

ತೇವದಲ್ಲಿ ಕ್ರಿಮಿ ಬೆಳೆಯುತ್ತದೆ ಎಂಬುದು ನಮ್ಮವರಿಗೆ ಅರ್ಥವಾಗದ ವಿಷಯವೇನಲ್ಲ. ಮಳೆ ಹಿಡಿಯುವ ಮೊದಲೇ ಮೈಲುತುತ್ತು, ಸುಣ್ಣ ಕಲಸಿ ಅಡಿಕೆಗೆ ಮದ್ದು ಬಿಡುತ್ತಾರೆ. ಒದ್ದೆ ಆರದಿದ್ದರೆ ಕೊಳೆರೋಗ ಎಂದು ಮಕ್ಕಳಿಗೂ ಗೊತ್ತು. ಅದೇ ಮನೆಯ ಬಚ್ಚಲಲ್ಲಿ ಐದಾರು ಬ್ರಷ್‌ಗಳು ಒಂದೇ ಸ್ಟೀಲ್ ಲೋಟದಲ್ಲಿ ತಲೆಗೆ ತಲೆ ತಾಗಿಸಿ ನಿಂತಿರುತ್ತವೆ, ಲೋಟದ ತಳದಲ್ಲಿ ಲೋಳೆ ನೀರು. ಸುಳ್ಯದಲ್ಲಿ 1991ರಿಂದ ಕೆ.ವಿ.ಜಿ. ದಂತ ವೈದ್ಯಕೀಯ ಕಾಲೇಜು ಇದೆ. ಆದರೂ ಹಲ್ಲು ನೋಯದೆ ಆ ಕಡೆ ತಲೆ ಹಾಕುವವರು ಕಡಿಮೆ.

ಆಟಿ ತಿಂಗಳ ಮಳೆಯಲ್ಲಿ ಬ್ರಷ್ಷಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಬೇಡಿ, ಒಳಗೆ ತೇವ ಆರುವುದಿಲ್ಲ. ತೊಳೆದು, ಕೊಡವಿ, ಗಾಳಿಯಾಡುವ ಕಿಟಕಿಯ ಬಳಿ ಬೇರೆ ಬೇರೆಯಾಗಿ ನಿಲ್ಲಿಸಿ. 3-4 ತಿಂಗಳಿಗೊಮ್ಮೆ ಬದಲಿಸಿ. ಜೂನಿನಲ್ಲಿ ತೆಗೆದುಕೊಂಡದ್ದು ನವರಾತ್ರಿ ಕಳೆದ ಮೇಲೂ ಬಚ್ಚಲಲ್ಲಿ ಇರಬಾರದು.