ಬರಿಗಾಲಿನ ಕತೆಯೂ ಬೆಂಗಳೂರಿನ ಗೋಲೂ

ಭಾನುವಾರದ ವಿಡಿಯೋ ಮಾತಿನ ಬರಹರೂಪ ಇದು. ಮಾತಾಡುವಾಗ ತಡವರಿಸಿದ್ದನ್ನ ಇಲ್ಲಿ ಕೊಂಚ ಸರಿಮಾಡಿದ್ದೀನಿ, ಅಷ್ಟೆ.

ಶುರುವಾಗಿದ್ದು ಅಡಾಜಣ್‌ನಲ್ಲಿ, ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ. ಎರಡು ಸ್ಕೂಟರ್‌ಗಳ ನಡುವಿನ ಜಾಗವನ್ನೇ ಗೋಲ್ ಮಾಡ್ಕೊಂಡು ಮಕ್ಕಳು ಫುಟ್‌ಬಾಲ್ ಆಡ್ತಿದ್ರು. ನಮ್ಮವನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇಳಿದಿದ್ದ. ಮೇಲಿನ ಮನೆ ಹುಡುಗ ಕಿಚಾಯಿಸಿದ: ಶೂ ಹಾಕ್ಕೋ, ಇಲ್ಲಾಂದ್ರೆ ಇಂಡಿಯಾ ಟೀಮ್ ಥರ ನಿನ್ನನ್ನೂ ವರ್ಲ್ಡ್ ಕಪ್‌ನಿಂದ ಓಡಿಸ್ತಾರೆ! ಮಗ ಮೇಲೆ ಬಂದವನೇ "ಅಪ್ಪ, ಹೌದಾ?" ಅಂದ. ನಾನು ಹೌದು ಅನ್ನೋಕೆ ಬಾಯಿ ತೆರೆದಿದ್ದೆ. ಯಾಕಂದ್ರೆ ಅದೇ ಕತೆಯನ್ನ ಆಫೀಸಿನ ಚಹಾ ಹೊತ್ತಲ್ಲಿ ಎಷ್ಟೋ ಸಲ ನಾನೇ ಹೇಳಿದ್ದೀನಿ. 1950ರಲ್ಲಿ ಬ್ರೆಜಿಲ್‌ಗೆ ಹೋಗೋ ಅವಕಾಶ ಸಿಕ್ಕಿತ್ತು, ಶೂ ಇಲ್ಲ ಅಂತ ಫಿಫಾ ಬಿಡಲಿಲ್ಲ ಅಂತ. ಕೇಳೋಕೆ ಚೆನ್ನಾಗಿದೆ. ಪಾಪದ ದೇಶ, ದೊಡ್ಡವರ ದರ್ಪ, ಎಲ್ಲ ಇದೆ ಅದರಲ್ಲಿ. ಆದ್ರೆ ನಡೆದದ್ದು ಹಾಗಲ್ಲ.

ಇದು ಅರ್ಥ ಆಗ್ಬೇಕಾದ್ರೆ ಒಂದು ವಿಷಯ ತಲೇಲಿರಬೇಕು. ಆಗಿನ ಕಾಲಕ್ಕೆ ಅಂತಾರಾಷ್ಟ್ರೀಯ ಫುಟ್‌ಬಾಲ್ ಟೂರ್ನಿ ಅಂದ್ರೆ ಒಲಿಂಪಿಕ್ಸ್. ಫಿಫಾ ಹುಟ್ಟಿದ್ದು 1904ರಲ್ಲಿ, ಪ್ಯಾರಿಸ್‌ನಲ್ಲಿ, ಏಳೇ ದೇಶಗಳ ಸಹಿಯಿಂದ. ಸ್ವಂತ ಟೂರ್ನಿ ನಡೆಸೋ ತಾಕತ್ತು ಅದಕ್ಕೆ ಬರೋಕೆ ಇಪ್ಪತ್ತಾರು ವರ್ಷ ಹಿಡಿತು. ಅಷ್ಟರವರೆಗೆ ಎಲ್ಲ ಒಲಿಂಪಿಕ್ಸೇ. 1908ರ ಲಂಡನ್‌ನಲ್ಲಿ ಡೆನ್ಮಾರ್ಕ್ ಫ್ರಾನ್ಸ್‌ಗೆ 17 ಗೋಲು ಹೊಡೀತು, ಅದರಲ್ಲಿ ಹತ್ತು ಒಬ್ಬನದೇ. 1920ರ ಆಂಟ್‌ವರ್ಪ್ ಫೈನಲ್‌ನಲ್ಲಿ ರೆಫರಿ ಮೇಲೆ ಸಿಟ್ಟಾಗಿ ಚೆಕೊಸ್ಲೊವಾಕಿಯಾ ತಂಡ ಆಟದ ಮಧ್ಯದಲ್ಲೇ ಮೈದಾನ ಬಿಟ್ಟು ಹೋಯ್ತು.

ವರ್ಲ್ಡ್ ಕಪ್ ಶುರುವಾಗಿದ್ದು 1930ರಲ್ಲಿ, ಉರುಗ್ವೆಯಲ್ಲಿ. ಯುರೋಪಿನಿಂದ ಅಲ್ಲಿಗೆ ಹಡಗಲ್ಲಿ ಎರಡು ವಾರದ ದಾರಿ. ರಜೆ ಯಾರು ಕೊಡ್ತಾರೆ? ಹೀಗಾಗಿ ಯುರೋಪಿನಿಂದ ಹೋದದ್ದು ನಾಲ್ಕೇ ತಂಡ, ಒಟ್ಟು ಆಡಿದ್ದು ಹದಿಮೂರು. ಫೈನಲ್ ದಿನ ಯಾರ ಚೆಂಡಲ್ಲಿ ಆಡೋದು ಅಂತ ಜಗಳ ಬಂದು, ಮೊದಲರ್ಧ ಅರ್ಜೆಂಟೀನಾದ ಚೆಂಡು, ಎರಡನೆಯರ್ಧ ಉರುಗ್ವೆಯ ಚೆಂಡು ಅಂತ ರಾಜಿಯಾಯ್ತು. ನಮ್ಮ ಪಾರ್ಕಿಂಗ್‌ಗೂ ಅದಕ್ಕೂ ದೊಡ್ಡ ವ್ಯತ್ಯಾಸ ಏನಿಲ್ಲ ನೋಡಿ. ಆಮೇಲೆ ಎರಡು ಕಪ್ ನಡೆದವು, ಯುದ್ಧ ಬಂತು, ಹನ್ನೆರಡು ವರ್ಷ ಏನೂ ಇಲ್ಲ.

ಈಗ ನಮ್ಮೂರಿಗೆ ಬರೋಣ. 1948ರ ಜುಲೈ 31, ಲಂಡನ್ ಹತ್ತಿರದ ಇಲ್ಫರ್ಡ್. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿಲ್ಲ. ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಮೈದಾನಕ್ಕೆ ಇಳೀತು, ಬಹುಪಾಲು ಆಟಗಾರರು ಬರಿಗಾಲಲ್ಲಿ. ನಾಯಕ ನಾಗಾ ಬೆಟ್ಟಗಳ ಡಾಕ್ಟರ್ ತಾಲಿಮೆರೆನ್ ಆವೊ. ಗೋಲ್‌ಕೀಪರ್ ಕೆ. ವಿ. ವರದರಾಜ್. ಮುಂದೆ ಸಾರಂಗಪಾಣಿ ರಾಮನ್, ಅಹ್ಮದ್ ಖಾನ್, ವಜ್ರವೇಲು. ಈ ಹೆಸರುಗಳೆಲ್ಲ ಬೆಂಗಳೂರಿನ ಮೈದಾನಗಳಿಂದ ಬಂದವು. ವಿಡಿಯೋದಲ್ಲಿ ನಾನು ಇಲ್ಲಿ ಸ್ವಲ್ಪ ಉಬ್ಬಿದ್ದು ಕಾಣ್ಸತ್ತೆ, ಕ್ಷಮಿಸಿ.

ಆಟ ಹೇಗಿತ್ತು? ಅರ್ಧ ಗಂಟೆಗೆ ಫ್ರಾನ್ಸ್ ಒಂದು ಹೊಡೀತು. ನಮಗೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಹೋದವು. ಒಂದು ಶೈಲೇನ್ ಮನ್ನಾ ಹೊಡೆದದ್ದು, ಇನ್ನೊಂದು ಮಹಾಬೀರ್ ಪ್ರಸಾದ್‌ದು. 70ನೇ ನಿಮಿಷದಲ್ಲಿ ರಾಮನ್ ಗೋಲು ಹೊಡೆದ್ರು. 1-1. ಸ್ವತಂತ್ರ ಭಾರತದ ಮೊಟ್ಟಮೊದಲ ಅಂತಾರಾಷ್ಟ್ರೀಯ ಗೋಲು ಅದು, ಬೆಂಗಳೂರಿನವರ ಕಾಲಿಂದ. ಕೊನೇ ನಿಮಿಷದಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಲ್ಲಿ ಗೆಲ್ತು. ಶೂ ಯಾಕಿಲ್ಲ ಅಂತ ಕೇಳಿದವರಿಗೆ ಆವೊ, ನಾವಾಡೋದು ಕಾಲ್ಚೆಂಡು, ನೀವಾಡೋದು ಬೂಟುಚೆಂಡು ಅನ್ನೋ ಅರ್ಥದಲ್ಲಿ ಉತ್ತರ ಕೊಟ್ರು ಅಂತ ಹೇಳ್ತಾರೆ. ನೆನಪಿಡಿ, ಅಲ್ಲಿ ಯಾರೂ ಅವರನ್ನ ಹೊರಗೆ ಕಳಿಸಲಿಲ್ಲ.

ಬೆಂಗಳೂರಿಂದ ಒಂದೇ ಸಲಕ್ಕೆ ಇಷ್ಟು ಜನ ಹೇಗೆ? ಕಂಟೋನ್ಮೆಂಟ್. ಬ್ರಿಟಿಷ್ ಪಲ್ಟನ್‌ಗಳು ಆಡ್ತಿದ್ದ ಆಟವನ್ನ ಅಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆಯ ಹುಡುಗರು ನೋಡಿ ಕಲಿತ್ರು. ಮನೇಲಿ ತಮಿಳೋ ಉರ್ದುವೋ, ಬೀದೀಲಿ ಕನ್ನಡ, ಪಲ್ಟನ್ ಮೈದಾನದಲ್ಲಿ ಚೂರುಪಾರು ಇಂಗ್ಲಿಷ್. ಕೆಲಸ ಹುಡ್ಕೊಂಡು ಬಂದು ನೆಲೆಸಿದವರ ಮಕ್ಕಳೇ ಅದರಲ್ಲಿ ಬಹಳ. ತಾಪಿ ದಂಡೆಯಲ್ಲಿ ಕೂತು ಇದನ್ನ ಓದ್ತಿರೋ ನಮಗೆ ಆ ಬದುಕು ತೀರಾ ಅಪರಿಚಿತ ಅಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. 1891ರಿಂದ ಮಿಲಿಟರಿ ತಂಡಗಳ ಸ್ವತ್ತಾಗಿದ್ದ ಕಪ್ ಅದು. ಮುಂದಿನ ವರ್ಷವೂ ಅವರೇ ಗೆದ್ರು. 1946-47ರಲ್ಲಿ ಸಂತೋಷ್ ಟ್ರೋಫಿ ಮೈಸೂರು ತಂಡಕ್ಕೆ ಬಂತು, ಅದೂ ಬಂಗಾಳವನ್ನ ಸೋಲಿಸಿ. ಇಲ್ಫರ್ಡ್‌ಗೆ ಹೋದವರ ಹಿಂದೆ ಇಷ್ಟೆಲ್ಲ ಇತ್ತು.

ಹಾಗಾದ್ರೆ 1950ರಲ್ಲಿ ಏನಾಯ್ತು? ಏಷ್ಯಾಕ್ಕೆ ಒಂದು ಸ್ಥಾನ ಇತ್ತು. ಬರ್ಮಾ, ಇಂಡೋನೇಷ್ಯಾ, ಫಿಲಿಪೈನ್ಸ್ ಹಿಂದೆ ಸರಿದ್ರು, ಭಾರತ ಆಡದೇ ಅರ್ಹತೆ ಪಡೀತು. ಗುಂಪಲ್ಲಿ ಇಟಲಿ, ಸ್ವೀಡನ್, ಪರಗ್ವೆ. ಪ್ರಯಾಣದ ಖರ್ಚಿನ ದೊಡ್ಡ ಪಾಲು ಕೊಡೋಕೂ ಬ್ರೆಜಿಲ್‌ನವರು ಮುಂದೆ ಬಂದಿದ್ರು. ನಮ್ಮ ಫೆಡರೇಷನ್ ಅಭ್ಯಾಸಕ್ಕೆ ಸಮಯ ಸಾಲದು, ತಂಡದ ಆಯ್ಕೆ ವಿಚಾರದಲ್ಲಿ ಒಮ್ಮತ ಇಲ್ಲ ಅಂತ ಕಾರಣ ಕೊಟ್ಟು ಹಿಂದೆ ಸರೀತು. ಸಮುದ್ರದ ಮೇಲೆ ವಾರಗಟ್ಟಲೆ ಹೋಗೋದೂ ಸಣ್ಣ ಮಾತಾಗಿರಲಿಲ್ಲ. ನಮಗೆ ಒಲಿಂಪಿಕ್ಸೇ ಎಲ್ಲ ಆಗಿತ್ತು, ವರ್ಲ್ಡ್ ಕಪ್ಪಿನ ಬೆಲೆ ಗೊತ್ತಿರಲಿಲ್ಲ ಅನ್ನೋ ಅರ್ಥದಲ್ಲಿ ಮನ್ನಾ ಅವರೇ ಮುಂದೆ ಹೇಳಿದ್ರು. ಹಿಂದೆ ಸರಿದದ್ದು ನಾವೊಬ್ಬರೇ ಅಲ್ಲ. ಸ್ಕಾಟ್ಲೆಂಡ್, ಟರ್ಕಿ ಕೂಡ ಹೋಗಲಿಲ್ಲ. ಹದಿನಾರರ ಟೂರ್ನಿಯಲ್ಲಿ ಕೊನೆಗೆ ಆಡಿದ್ದು ಮತ್ತೆ ಹದಿಮೂರು ತಂಡ.

ಅಂದ್ರೆ ಯಾರೂ ನಮ್ಮನ್ನ ಓಡಿಸಲಿಲ್ಲ. ಕಚೇರಿಯಲ್ಲಿ ಕೂತು ಲೆಕ್ಕ ಹಾಕಿ ತಗೊಂಡ ತೀರ್ಮಾನ ಅದು, ನನ್ನ ಪ್ರಕಾರ ತಪ್ಪು ಲೆಕ್ಕ. ಆ ತಪ್ಪನ್ನ ಆಟಗಾರರ ಬರಿಗಾಲಿನ ಮೇಲೆ ಹೊರಿಸಿಬಿಟ್ವಿ. ಮಗನಿಗೆ ಇದನ್ನ ಹೇಳೋದೇ ನನಗೆ ಕಷ್ಟ ಆಯ್ತು. ಬಡತನದ ಕತೆಗೆ ಕಣ್ಣೀರಾದ್ರೂ ಬರತ್ತೆ, ಕಮಿಟಿ ಮೀಟಿಂಗ್ ಕತೆಗೆ ಏನು ಬರತ್ತೆ ಹೇಳಿ?

ಶೂ ವಿಚಾರ ನಿಜಕ್ಕೂ ಬಂದದ್ದು ಎರಡು ವರ್ಷ ಆದಮೇಲೆ. ಮಧ್ಯೆ 1951ರ ಮಾರ್ಚ್‌ನಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇರಾನ್ ವಿರುದ್ಧ ಮೇವಾಲಾಲ್ ಗೋಲಿನಿಂದ ಚಿನ್ನ ಬಂದಿತ್ತು. ಆ ಧೈರ್ಯದಲ್ಲೇ 1952ರಲ್ಲಿ ಹೆಲ್ಸಿಂಕಿಗೆ ಹೋದ್ರು, ಅಲ್ಲೂ ಹಲವರು ಬರಿಗಾಲಲ್ಲೇ. ಕೊರೆಯೋ ಚಳಿ, ಎದುರಿಗೆ ಯುಗೊಸ್ಲಾವಿಯಾ. 10-1. ಆ ಒಂದು ಗೋಲು, ಆಟ ಮುಗಿಯೋ ಹೊತ್ತಲ್ಲಿ, ಅಹ್ಮದ್ ಖಾನ್‌ದು. ಮತ್ತೆ ಬೆಂಗಳೂರು! ಊರಿಗೆ ವಾಪಸ್ ಬಂದಮೇಲೆ ಬೂಟು ಕಡ್ಡಾಯ ಅಂತ ಮಾಡಿದ್ದು ನಮ್ಮದೇ ಫೆಡರೇಷನ್.

ಬೂಟು ಹಾಕ್ಕೊಂಡು ಹೋದ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನ 4-2ರಲ್ಲಿ ಸೋಲಿಸಿ ಸೆಮಿಫೈನಲ್ ಮುಟ್ಟಿತು, ನಾಲ್ಕನೆಯದಾಗಿ ಮುಗಿಸಿತು. ಅದರಲ್ಲೂ ಬೆಂಗಳೂರಿನ ಕೆಂಪಯ್ಯ ಇದ್ದರು. 2019ರ ಜುಲೈನಲ್ಲಿ ಅಹ್ಮದಾಬಾದ್‌ನಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ನಡೆದಾಗ ತಜಿಕಿಸ್ತಾನ, ಉತ್ತರ ಕೊರಿಯಾ ಎರಡರ ಎದುರೂ ಭಾರತ ಸೋತಿದ್ದು, ಸಿರಿಯಾ ಜೊತೆ 1-1 ಡ್ರಾ ಆಗಿದ್ದು ನಿಮ್ಮಲ್ಲಿ ಕೆಲವರಿಗಾದ್ರೂ ನೆನಪಿರಬಹುದು.

ಮಗನಿಗೆ ಇಷ್ಟೂ ಹೇಳಿ ಮುಗಿಸಿದೆ. ಅವನು ಕೇಳಿದ್ದು ಒಂದೇ: "ರಾಮನ್ ಗೋಲು ಹೊಡೆದಾಗ ಬರಿಗಾಲಲ್ಲಿದ್ರಾ?" ಬಹುಪಾಲು ಜನ ಬರಿಗಾಲಲ್ಲೇ ಇದ್ರು ಕಣೋ ಅಂದೆ. ಚಪ್ಪಲಿಯನ್ನ ಬಾಗಿಲಲ್ಲೇ ಬಿಟ್ಟು ಮತ್ತೆ ಕೆಳಗೆ ಓಡಿದ.