ಯಂತ್ರ ಹಳೆಯದಾದರೂ ಪುಸ್ತಕ ಉಳಿಯಬೇಕು

1971ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಮೈಕೆಲ್ ಹಾರ್ಟ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಸಾದಾ ಪಠ್ಯವಾಗಿ ಟೈಪ್ ಮಾಡಿದರು. ಪ್ರಾಜೆಕ್ಟ್ ಗುಟೆನ್‌ಬರ್ಗ್ ಹುಟ್ಟಿದ್ದು ಹಾಗೆ. ಅಂಥ ಪಠ್ಯವನ್ನು ಇಂದಿನ ಯಾವ ಮೊಬೈಲಿನಲ್ಲಿ ಬೇಕಾದರೂ ಓದಬಹುದು. ನಂತರ ಬಂದ ಎಷ್ಟೋ ಇ-ಪುಸ್ತಕಗಳಿಗೆ ಆ ಭಾಗ್ಯ ಸಿಗಲಿಲ್ಲ.

1993ರ ಪಿಡಿಎಫ್ ಪುಟವನ್ನು ಇದ್ದಂತೆಯೇ ಹಿಡಿದಿಟ್ಟಿತು, ಆದರೆ ಸಣ್ಣ ಪರದೆಗೆ ಒಗ್ಗಲಿಲ್ಲ. 2000ರ ದಶಕದ ಮೊದಲರ್ಧದಲ್ಲಿ ಮೈಕ್ರೋಸಾಫ್ಟ್, ಮೊಬಿಪಾಕೆಟ್, ಸೋನಿ ತಮ್ಮ ತಮ್ಮದೇ ನಮೂನೆಯ ಫೈಲುಗಳನ್ನು ತಂದವು; ಒಂದಕ್ಕೆಂದು ಮಾಡಿದ ಪುಸ್ತಕ ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ.

ತಿರುವು ಬಂದದ್ದು 2006ರಲ್ಲಿ. ಸೋನಿಯ ಹೊಸ ಓದುಸಾಧನ ರೀಡರ್ ಲಿನಕ್ಸ್ ಜೊತೆ ಕೆಲಸ ಮಾಡುತ್ತಿರಲಿಲ್ಲ. ಕ್ಯಾಲ್‌ಟೆಕ್‌ನಲ್ಲಿ ಓದುತ್ತಿದ್ದ ಕೋವಿದ್ ಗೋಯಲ್, ಆ ಸಾಧನ ಯುಎಸ್‌ಬಿ ಮೂಲಕ ಹೇಗೆ ಮಾತಾಡುತ್ತದೆಂದು ಶೋಧಿಸಿ ತಾವೇ ತಂತ್ರಾಂಶ ಬರೆದರು. ಅದೇ 2008ರಲ್ಲಿ ಕ್ಯಾಲಿಬರ್ ಎಂಬ ಹೆಸರು ಪಡೆಯಿತು. ಇಂದು ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಉಚಿತ, ಮೂಲ ಸಂಕೇತವೂ ಮುಕ್ತ. ಅದರ ಜಾಣತನವೆಂದರೆ, ಬಂದ ಫೈಲನ್ನು ಮೊದಲು ವೆಬ್ ಪುಟದಂಥ ಮಧ್ಯರೂಪಕ್ಕೆ ಬಿಚ್ಚಿ, ಅಲ್ಲಿಂದ ಬೇಕಾದ ನಮೂನೆಗೆ ಕಟ್ಟುವುದು. ಹೀಗಾಗಿ ನಮೂನೆಗಳ ಪ್ರತಿ ಜೋಡಿಗೂ ಬೇರೆ ಪರಿವರ್ತಕ ಬೇಡ. ಪುಸ್ತಕಗಳೂ ಲೇಖಕರ ಹೆಸರಿನ ಮಾಮೂಲಿ ಫೋಲ್ಡರುಗಳಲ್ಲೇ ಇರುತ್ತವೆ. ನಾಳೆ ಕ್ಯಾಲಿಬರ್ ತೆಗೆದುಹಾಕಿದರೂ ಅವು ಕೈಗೆ ಸಿಗುತ್ತವೆ. ಈ ಕ್ಷೇತ್ರದಲ್ಲಿ ಇಷ್ಟು ಓದುಗಪರವಾದ ನಿರ್ಧಾರ ಅಪರೂಪವೆಂದೇ ನನ್ನ ಅನಿಸಿಕೆ.

2007ರಲ್ಲಿ ಬಂದ ಇಪಬ್ ಎಂಬ ಮುಕ್ತ ಮಾನದಂಡ ಈ ಪರಿವರ್ತನೆಯ ಕೆಲಸವನ್ನು ಹಗುರ ಮಾಡಿತು. ಇಪಬ್ ಫೈಲಿನ ಹೆಸರಿನ ಕೊನೆಯನ್ನು 'ಜಿಪ್' ಎಂದು ಬದಲಿಸಿ ತೆರೆದು ನೋಡಿ: ಅಧ್ಯಾಯಗಳು, ಚಿತ್ರಗಳು, ಫಾಂಟು, ಪುಸ್ತಕದ ವಿವರದ ಕಡತ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಅದೇ ವರ್ಷ ಬಂದ ಅಮೆಜಾನ್‌ನ ಓದುಸಾಧನ ಕಿಂಡಲ್, ತನ್ನದೇ ನಮೂನೆಯ ಬೇರೆ ದಾರಿ ಹಿಡಿದಿತ್ತು. ಕೊನೆಗೆ 2022ರಲ್ಲಿ ಅಮೆಜಾನ್ ಕೂಡ, ಓದುಗರು ಕಿಂಡಲ್‌ಗೆ ಕಳಿಸುವ ಇಪಬ್ ಫೈಲುಗಳನ್ನು ಸ್ವೀಕರಿಸತೊಡಗಿತು.

ಮಾನದಂಡ ಮುಕ್ತವಾದರೂ ನಕಲು ತಡೆಯುವ ಡಿಆರ್‌ಎಂ ಬೀಗ ಹಾಕಿದ ಪುಸ್ತಕವನ್ನು ಕ್ಯಾಲಿಬರ್ ಪರಿವರ್ತಿಸುವುದಿಲ್ಲ. ಇಂಥ ಬೀಗದ ಫಲವೇನೆಂದರೆ, 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆ ಮುಚ್ಚಿದಾಗ ಕೊಂಡವರಿಗೆ ಹಣ ವಾಪಸ್ ಬಂತು, ಪುಸ್ತಕ ಹೋಯಿತು. ಓದುಗನ ಪಾಲಿಗೆ ಇದು ಅನ್ಯಾಯವೇ.

ಕನ್ನಡದ ಕಷ್ಟ ಇನ್ನೂ ಬುಡದಲ್ಲಿದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಪುಟ ಕಟ್ಟಿದ ಪಿಡಿಎಫ್ ಕಣ್ಣಿಗೆ ಅಚ್ಚಕನ್ನಡ. ಅದರಿಂದ ಒಂದು ಸಾಲು ನಕಲಿಸಿ ಬೇರೆಡೆ ಅಂಟಿಸಿದರೆ ಬರುವುದು ರೋಮನ್ ಅಕ್ಷರಗಳ ಗೊಂದಲ. ಅದನ್ನು ಇಪಬ್ ಮಾಡಿದರೆ ಗೊಂದಲವೇ ಪುಸ್ತಕವಾಗುತ್ತದೆ. ಮೊದಲು ಪಠ್ಯವನ್ನು ಯೂನಿಕೋಡಿಗೆ ತಂದು, ಒತ್ತಕ್ಷರಗಳ ಮೇಲೆ ಕಣ್ಣಾಡಿಸಿ ತಿದ್ದಬೇಕು. ಸ್ಕ್ಯಾನ್ ಪ್ರತಿಯಾದರೆ ಅಕ್ಷರ ಗುರುತಿಸುವ ತಂತ್ರಾಂಶದ ಕೆಲಸವೂ ಸೇರುತ್ತದೆ. ಹಾಗಾಗಿ ಪುಸ್ತಕ ಅಚ್ಚಿಗೆ ಹೋಗುವ ದಿನವೇ ಅದರ ಯೂನಿಕೋಡ್ ಪ್ರತಿಯೊಂದನ್ನು ಪ್ರಕಾಶಕರು ಎತ್ತಿಡಬೇಕು. ಪುಟವಿನ್ಯಾಸದ ಫೈಲಷ್ಟೇ ಉಳಿದರೆ ಮುಂದಿನ ಮುದ್ರಣಕ್ಕೂ ಮತ್ತೆ ಮೊದಲಿಂದ ಟೈಪ್ ಮಾಡಿಸುವ ಪಾಡು ಬರಬಹುದು.