ತಲೆ ಕಾಯುವ ಕೆಲಸ: ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ

ಪೀಣ್ಯ ಎರಡನೇ ಹಂತದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ರಸ್ತೆ ಬದಿ ನಿಂತು ನೋಡಿ. ಗೇಟಿನಿಂದ ಹೊರಬರುವ ಗಾಡಿ ಸವಾರರಲ್ಲಿ ಬಹುಪಾಲು ಮಂದಿಯ ತಲೆ ಮೇಲೆ ಹೆಲ್ಮೆಟ್ ಇರುತ್ತದೆ. ಆದರೆ ಎಷ್ಟೋ ಹೆಲ್ಮೆಟ್‌ಗಳ ಪಟ್ಟಿ ಗದ್ದದ ಕೆಳಗೆ ಬಿಗಿಯದೆ ಗಾಳಿಗೆ ತೂಗಾಡುತ್ತಿರುತ್ತದೆ. ಹಿಂದೆ ಕೂತವರ ಹೆಲ್ಮೆಟ್ ಮೊಣಕೈಯಲ್ಲಿ ನೇತಾಡುತ್ತಾ ಬಂದು, ಜಾಲಹಳ್ಳಿ ಕ್ರಾಸ್‌ನಲ್ಲಿ ಪೊಲೀಸರು ಕಂಡಾಗ ತಲೆಗೇರುತ್ತದೆ. ಕೆಲವರಂತೂ ಕಾರ್ಖಾನೆಯಲ್ಲಿ ಕೊಟ್ಟ ಹಳದಿ ಟೋಪಿಯಲ್ಲೇ ಮನೆಗೆ ಹೊರಡುತ್ತಾರೆ. ಆ ಟೋಪಿ ಐಎಸ್ 2925 ಎಂಬ ಮಾನದಂಡದ್ದು. ಮೇಲಿನಿಂದ ಬೀಳುವ ನಟ್ಟು, ಬೋಲ್ಟು, ಇಟ್ಟಿಗೆ ಚೂರಿನಿಂದ ನೆತ್ತಿಯನ್ನು ಕಾಯಲೆಂದು ಮಾಡಿದ್ದು. ವೇಗದಲ್ಲಿ ಉರುಳಿ ಕಪಾಳವೋ ಹಿಂದಲೆಯೋ ಡಾಂಬರಿಗೆ ಬಡಿದರೆ ಅದರಿಂದ ಏನೂ ಆಗದು.

ಬೆಂಗಳೂರಿನ ಇಂಥ ಹೊರವಲಯಗಳು ಬೆಳೆದ ರೀತಿಗೂ ತಲೆಪೆಟ್ಟಿಗೂ ನೇರ ನಂಟಿದೆ. 1970ರ ದಶಕದ ಕೊನೆಯಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿತು. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಆರ್.ಕೆ. ಬಾಳಿಗರ ನೇತೃತ್ವದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬುನಾದಿ ಹಾಕಿತು. 1990ರ ದಶಕದ ಕೊನೆಗೆ ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ಎಂಬ ಐಟಿ ಪಾರ್ಕ್ ತೆರೆಯಿತು. ಕೆಲಸ ಹೊರಗೆ ಹೋಯಿತು, ಜನರನ್ನು ಅಲ್ಲಿಗೆ ಕರೆದೊಯ್ಯುವ ಸಾರಿಗೆ ಹೋಗಲಿಲ್ಲ. ಬಸ್ಸು ಸಾಲದೆ ಬಂದದ್ದಕ್ಕೆ ಜನರೇ ಕಂಡುಕೊಂಡ ಉತ್ತರ ಟಿವಿಎಸ್ 50, ಚೇತಕ್, ಆಮೇಲೆ ಬೈಕು. ಇವತ್ತು ನಗರದಲ್ಲಿ ನೋಂದಣಿಯಾದ ವಾಹನಗಳು ಕೋಟಿ ದಾಟಿವೆ, ಅವುಗಳಲ್ಲಿ ಸುಮಾರು ಮೂರನೇ ಎರಡರಷ್ಟು ದ್ವಿಚಕ್ರದವು. ಲಾರಿ, ಟ್ಯಾಂಕರ್, ಕಂಪನಿ ಬಸ್ಸುಗಳ ನಡುವೆ ತಲೆಯನ್ನು ಬಯಲಿಗಿಟ್ಟುಕೊಂಡು ಹೋಗುವವರು ಇವರೇ.

ತಲೆಯನ್ನು ಕಾಯಬಹುದು ಎಂಬ ಅರಿವು ವೈದ್ಯಶಾಸ್ತ್ರಕ್ಕೆ ಬಂದದ್ದು ಒಂದು ಸಾವಿನಿಂದ. 1935ರ ಮೇ ತಿಂಗಳಲ್ಲಿ ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾಗಿದ್ದ ಟಿ.ಇ. ಲಾರೆನ್ಸ್ ಇಂಗ್ಲೆಂಡಿನ ಹಳ್ಳಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತಲೆಪೆಟ್ಟಿನಿಂದ ತೀರಿಕೊಂಡರು. ಚಿಕಿತ್ಸೆಗೆ ಕರೆಸಿದ್ದವರಲ್ಲಿ ಒಬ್ಬರಾದ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಅದನ್ನು ಮರೆಯಲಿಲ್ಲ. ಸೇನೆಯ ಬೈಕ್ ಸವಾರರ ಗಾಯಗಳನ್ನು ಅಧ್ಯಯನ ಮಾಡಿ, ಹೆಲ್ಮೆಟ್ ಜೀವ ಉಳಿಸುತ್ತದೆ ಎಂದು 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಅದೇ ವರ್ಷ ಬ್ರಿಟಿಷ್ ಸೇನೆ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. 1953ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಹೊಸ ಬಗೆಯ ಹೆಲ್ಮೆಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಗಟ್ಟಿ ಚಿಪ್ಪಿನ ಒಳಗೆ ಪೆಟ್ಟನ್ನು ನುಂಗುವ ಪದರ ಇತ್ತು. 1961ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಸಾರ್ವಜನಿಕರಿಗೂ ಕಾನೂನು ಮಾಡಿತು.

ಆ ಒಳಪದರದ ವಿಷಯವನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಫುಟ್‌ಪಾತ್ ಮಾರಾಟದಲ್ಲಿ ಮೋಸ ಆಗುವುದು ಅಲ್ಲೇ. ತಲೆ ರಸ್ತೆಗೆ ಬಡಿದಾಗ ಬುರುಡೆ ತಟ್ಟನೆ ನಿಲ್ಲುತ್ತದೆ, ಒಳಗಿನ ದ್ರವದಲ್ಲಿರುವ ಮಿದುಳು ಅದೇ ಓಟದಲ್ಲಿ ಮುಂದಕ್ಕೆ ಹೋಗಿ ಮೂಳೆಗೆ ಅಪ್ಪಳಿಸುತ್ತದೆ. ಹೆಲ್ಮೆಟ್ಟಿನ ಒಳಗಿರುವ ಗಟ್ಟಿ ಥರ್ಮಾಕೋಲ್ ನಜ್ಜುಗುಜ್ಜಾಗುತ್ತಾ ಆ ನಿಲುಗಡೆಯನ್ನು ಕೆಲವು ಮಿಲಿಸೆಕೆಂಡುಗಳಷ್ಟು ನಿಧಾನ ಮಾಡುತ್ತದೆ. ಸಾವು ಬದುಕು ನಿರ್ಧಾರವಾಗುವುದು ಆ ಮಿಲಿಸೆಕೆಂಡುಗಳಲ್ಲಿ. ಬಟ್ಟೆ ಹೊದಿಸಿದ ಮೆತ್ತನೆ ಸ್ಪಂಜು ಈ ಕೆಲಸ ಮಾಡುವುದಿಲ್ಲ. ಒಮ್ಮೆ ಪೆಟ್ಟು ತಿಂದು ಕುಗ್ಗಿದ ಥರ್ಮಾಕೋಲ್ ಎರಡನೇ ಸಲ ಮಾಡುವುದಿಲ್ಲ, ಹೊರಚಿಪ್ಪು ಎಷ್ಟೇ ಹೊಳೆಯುತ್ತಿರಲಿ. ಪಟ್ಟಿ ಕಟ್ಟದಿದ್ದರಂತೂ ತಲೆ ನೆಲ ಮುಟ್ಟುವ ಮೊದಲೇ ಹೆಲ್ಮೆಟ್ ಹಾರಿಹೋಗಿರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ ಹೆಲ್ಮೆಟ್ ಧರಿಸುವುದರಿಂದ ಸಾವಿನ ಅಪಾಯ ಸುಮಾರು 42 ಶೇಕಡಾ, ತಲೆಪೆಟ್ಟಿನ ಅಪಾಯ ಸುಮಾರು 69 ಶೇಕಡಾ ತಗ್ಗುತ್ತದೆ.

ಬೆಂಗಳೂರಿನಲ್ಲಿ ಈ ಕಥೆಯ ನಡುಮನೆ ಹೊಸೂರು ರಸ್ತೆಯ ನಿಮ್ಹಾನ್ಸ್. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ ಅದು ರೂಪುಗೊಂಡಿತು. ಮೊದಲ ನಿರ್ದೇಶಕರಾದ ಡಾ. ಆರ್.ಎಂ. ವರ್ಮ ಸ್ವತಃ ನರಶಸ್ತ್ರಚಿಕಿತ್ಸಕರು. ಅದೇ ವರ್ಷ ಗ್ಲಾಸ್ಗೋದ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್ ಪ್ರಜ್ಞೆಯ ಮಟ್ಟವನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಕಣ್ಣು ತೆರೆಯುತ್ತಾರಾ, ಮಾತಾಡುತ್ತಾರಾ, ಹೇಳಿದಂತೆ ಕೈಕಾಲು ಆಡಿಸುತ್ತಾರಾ ಎಂಬ ಮೂರೇ ಪರೀಕ್ಷೆ ಅದು. ಸಿಟಿ ಸ್ಕ್ಯಾನ್ ಬಂದ ಮೇಲೆ ಒಳಗಿನ ರಕ್ತಸ್ರಾವ ಕಣ್ಣಿಗೆ ಕಾಣುವಂತಾಯಿತು. ಶಸ್ತ್ರಚಿಕಿತ್ಸೆ ಸುಧಾರಿಸಿತು. ಆದರೂ ನಿಮ್ಹಾನ್ಸ್ ಬಾಗಿಲಲ್ಲಿ ಆಂಬುಲೆನ್ಸ್ ಸಾಲು ಕರಗಲಿಲ್ಲ.

ಆ ಸಾಲು ಎಲ್ಲಿಂದ ಬರುತ್ತಿದೆ ಎಂದು ಹುಡುಕಿದವರಲ್ಲಿ ಮುಂಚೂಣಿಯವರು ಅಲ್ಲಿನ ಸಾಂಕ್ರಾಮಿಕಶಾಸ್ತ್ರ ವಿಭಾಗದಲ್ಲಿದ್ದ ಡಾ. ಜಿ. ಗುರುರಾಜ್. ಭಾರತದ ಮಿದುಳು ಗಾಯಗಳ ಬಗ್ಗೆ 2002ರಲ್ಲಿ ಅವರು ಬರೆದ ಲೇಖನದಂತೆ ಇಂಥ ಗಾಯಗಳಲ್ಲಿ ಸುಮಾರು 60 ಶೇಕಡಾ ರಸ್ತೆಯಲ್ಲಿ, ಸುಮಾರು ಕಾಲುಭಾಗ ಬೀಳುವುದರಿಂದ, 10 ಶೇಕಡಾ ಹೊಡೆದಾಟದಿಂದ ಆಗುವಂಥವು. ಗಾಯವನ್ನು ಹಣೆಬರಹ ಎನ್ನದೆ, ಎಲ್ಲಿ, ಯಾವ ಹೊತ್ತಿನಲ್ಲಿ, ಯಾರಿಗೆ ಎಂದು ಲೆಕ್ಕ ಇಟ್ಟು, ಕಾಯಿಲೆಯ ಹಾಗೆ ತಡೆಯಬಹುದು ಎಂದು ಅವರು ಮತ್ತು ಅವರ ಸಹೋದ್ಯೋಗಿಗಳು ಹೇಳುತ್ತಲೇ ಬಂದರು. ನನ್ನ ಮಟ್ಟಿಗೆ, ಕರ್ನಾಟಕದಲ್ಲಿ ತಲೆ ಉಳಿಸುವ ಕೆಲಸದ ದೊಡ್ಡ ತಿರುವು ಇದೇ.

ಕಾನೂನು ಕುಂಟುತ್ತಾ ಬಂತು. ಹೆಲ್ಮೆಟ್ ಕಡ್ಡಾಯ ಎನ್ನುವ 129ನೇ ಕಲಮಿರುವ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಯಲ್ಲಿದೆ. ಬೆಂಗಳೂರಿನ ಸವಾರರಿಗೆ ಅದರ ಬಿಸಿ ನಿಜವಾಗಿ ತಟ್ಟಿದ್ದು 2006ರ ಕೊನೆಯಲ್ಲಿ. ಹಿಂಬದಿ ಸವಾರರಿಗೆ ಕಡ್ಡಾಯವಾಗಲು 2016ರ ಜನವರಿ ಬರಬೇಕಾಯಿತು. ಆ ನಡುವಿನ ವರ್ಷಗಳಲ್ಲಿ ಗಂಡನ ತಲೆ ಮೇಲೆ ಹೆಲ್ಮೆಟ್, ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತ ಹೆಂಡತಿಯ ತಲೆ ಬರಿದು, ಮಡಿಲಲ್ಲಿ ಮಗು. ಬಣ್ಣ ಬಳಿಯದ ಹಂಪ್ಸ್ ಒಂದು ಸಾಕಿತ್ತು, ಹಿಂದಲೆ ಮೊದಲು ನೆಲಕ್ಕೆ ಬೀಳುತ್ತಿತ್ತು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಮತ್ತು ಅವರನ್ನು ಸವಾರರ ಮೈಗೆ ಕಟ್ಟುವ ಪಟ್ಟಿ ಬೇಕೆಂಬ ಕೇಂದ್ರದ ನಿಯಮ 2023ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಅದನ್ನು ಪಾಲಿಸುವ ಒಂದು ಗಾಡಿಯನ್ನು ಬೀದಿಯಲ್ಲಿ ಕಾಣುವುದು ಇಂದಿಗೂ ಅಪರೂಪ.

2016ರ ಫೆಬ್ರವರಿಯ ಒಂದು ಘಟನೆಯನ್ನು ಬಿಟ್ಟು ಈ ಚರಿತ್ರೆ ಬರೆಯಲಾಗದು. ಗುಬ್ಬಿ ತಾಲ್ಲೂಕಿನ ಯುವಕ ಹರೀಶ್ ನಂಜಪ್ಪ ಊರಿನಲ್ಲಿ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದಾಗ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ಅವರ ದೇಹ ಎರಡಾಯಿತು. ಉಸಿರಿರುವಾಗಲೇ ತನ್ನ ಅಂಗಾಂಗ ದಾನ ಮಾಡಿ ಎಂದು ಅವರು ಬೇಡಿಕೊಂಡರು. ಹೆಲ್ಮೆಟ್ ಹಾಕಿದ್ದರಿಂದ ಕಣ್ಣುಗಳಿಗೆ ಏನೂ ಆಗಿರಲಿಲ್ಲ, ಅವು ದಾನವಾದವು. ಮುಂದಿನ ತಿಂಗಳೇ ಸರ್ಕಾರ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ತಂದಿತು. ಅಪಘಾತವಾದ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಅದು ಉಚಿತ ಮಾಡಿತು. ಗಾಯಾಳುವಿಗೆ ನೆರವಾದವರನ್ನು ಪೊಲೀಸರು ಕಾಡದಂತೆ ತಡೆಯುವ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ ಬಲ ಕೊಟ್ಟದ್ದೂ ಅದೇ ಮಾರ್ಚ್‌ನಲ್ಲಿ.

ಗುಣಮಟ್ಟದ ಪ್ರಶ್ನೆ ಇನ್ನೂ ತಡವಾಗಿ ಎದ್ದಿತು. ಐಎಸ್ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದನ್ನೂ ಮಾರುವುದನ್ನೂ ನಿಷೇಧಿಸುವ ಕೇಂದ್ರದ ಆದೇಶ 2021ರ ಜೂನ್ 1ರಿಂದ ಜಾರಿಯಾಯಿತು. ಕಿವಿಯ ಮೇಲೇ ಮುಗಿಯುವ ಅರ್ಧ ಹೆಲ್ಮೆಟ್ ಈಗಲೂ ಹೆದ್ದಾರಿ ಬದಿ ಹಗ್ಗಕ್ಕೆ ಕಟ್ಟಿ ಮಾರಾಟವಾಗುತ್ತಿದೆ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಕ್ಯಾಮೆರಾ ವ್ಯವಸ್ಥೆ ಬಂದು ದಂಡದ ಚೀಟಿ ತಾನಾಗಿ ಬರತೊಡಗಿತು. ಕ್ಯಾಮೆರಾಕ್ಕೆ ಹೆಲ್ಮೆಟ್ ಇಲ್ಲದ ತಲೆ ಕಾಣುತ್ತದೆ, ಒಳಗೆ ಥರ್ಮಾಕೋಲ್ ಇದೆಯೋ ಸ್ಪಂಜು ಇದೆಯೋ ಕಾಣುವುದಿಲ್ಲ. ಹೆಲ್ಮೆಟ್ 500 ರೂಪಾಯಿ ದಂಡ ತಪ್ಪಿಸುವ ಸಾಮಾನಾಗಿ ನಮ್ಮಲ್ಲಿ ಉಳಿದುಬಿಟ್ಟದ್ದು ಹೀಗೆ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕೂತವರು.

ಹೆಲ್ಮೆಟ್‌ನಿಂದ ಎಷ್ಟು ಸಾಧ್ಯ, ಎಷ್ಟು ಅಸಾಧ್ಯ ಎಂಬುದನ್ನು ದುಬಾರಿ ಬೆಲೆ ತೆತ್ತು ಕಲಿತ ಇನ್ನೊಂದು ಕ್ಷೇತ್ರ ಅಮೆರಿಕನ್ ಫುಟ್‌ಬಾಲ್. ವೃತ್ತಿಪರ ಲೀಗ್ 1943ರಲ್ಲೇ ಹೆಲ್ಮೆಟ್ ಕಡ್ಡಾಯ ಮಾಡಿತ್ತು. ಬುರುಡೆ ಒಡೆಯುವುದು ಕಡಿಮೆಯಾಯಿತು, ಮಿದುಳು ಅಲುಗುವುದು ನಿಲ್ಲಲಿಲ್ಲ. 2002ರಲ್ಲಿ 50ನೇ ವಯಸ್ಸಿನಲ್ಲಿ ಸತ್ತ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಮಿದುಳಿನಲ್ಲಿ ಮತ್ತೆ ಮತ್ತೆ ಬಿದ್ದ ಪೆಟ್ಟುಗಳ ಹಾನಿಯನ್ನು ವೈದ್ಯ ಬೆನೆಟ್ ಒಮಾಲು ಗುರುತಿಸಿ 2005ರಲ್ಲಿ ಪ್ರಕಟಿಸಿದರು. ಲೀಗ್ ಬಹುಕಾಲ ಒಪ್ಪಲಿಲ್ಲ. ಒಪ್ಪಿದ ಮೇಲೆ ಟೋಪಿಯ ಜೊತೆಗೆ ಆಟವನ್ನೇ ಬದಲಿಸಿತು: 2011ರಿಂದ ಮೈಕೈ ತಾಗುವ ಅಭ್ಯಾಸಕ್ಕೆ ಮಿತಿ, 2018ರಿಂದ ತಲೆ ತಗ್ಗಿಸಿ ಗುದ್ದುವುದಕ್ಕೆ ದಂಡ, 2024ರಲ್ಲಿ ಆಟಗಾರರು ದೂರದಿಂದ ಓಡಿಬಂದು ಡಿಕ್ಕಿ ಹೊಡೆಯುತ್ತಿದ್ದ ಕಿಕಾಫ್‌ಗೆ ಹೊಸ ರೂಪ.

ನಮ್ಮ ಹೊರವಲಯಗಳು ಬದಲಿಸಬೇಕಾದ ಆಟ ರಸ್ತೆ ಮತ್ತು ಕೆಲಸದ ಪದ್ಧತಿ. ಪೀಣ್ಯಕ್ಕೆ ಮೆಟ್ರೊ 2014ರಲ್ಲಿ, ವೈಟ್‌ಫೀಲ್ಡ್‌ಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಲ್ಲಿ ಬಂತು. ಬೈಕು ಬಿಟ್ಟು ಮೆಟ್ರೊ ಹತ್ತಿದ ಪ್ರತಿಯೊಬ್ಬರ ತಲೆಯೂ ಅಷ್ಟರ ಮಟ್ಟಿಗೆ ಅಪಾಯದಿಂದ ದೂರವಾದಂತೆ. ಆದರೆ ಹೋಪ್ ಫಾರ್ಮ್‌ನಲ್ಲೋ ಬೊಮ್ಮಸಂದ್ರದಲ್ಲೋ ಇಳಿದವರಿಗೆ ಅಲ್ಲಿಂದ ಮುಂದಕ್ಕೆ ಬಸ್ಸು ಬೇಕು, ಬೀದಿದೀಪ ಬೇಕು. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಗಾಡಿ ಓಡಿಸುವ ಕಾರ್ಮಿಕರನ್ನು ಕಂಪನಿಗಳು ಬಸ್ಸಿನಲ್ಲಿ ಕಳಿಸಬೇಕು. ಐಟಿ ನೌಕರರಿಗೆ ಕ್ಯಾಬ್ ಕೊಡುವ ಇದೇ ಊರು ಅದೇ ಕಟ್ಟಡ ಕಾಯುವ ಸೆಕ್ಯುರಿಟಿಯವರನ್ನೂ ಊಟ ತಲುಪಿಸುವ ಹುಡುಗರನ್ನೂ ಅವರ ಪಾಡಿಗೆ ಬಿಟ್ಟಿರುವುದು ಅನ್ಯಾಯ. ನಿಮಿಷಗಳ ಲೆಕ್ಕದಲ್ಲಿ ಡೆಲಿವರಿ ಬೇಡುವ ಆಪ್‌ಗಳನ್ನೂ ಈ ಪ್ರಶ್ನೆಯಿಂದ ಹೊರಗಿಡಲಾಗದು.

ಓದುಗರಲ್ಲಿ ಒಂದು ಕೋರಿಕೆ. ಬಿದ್ದವರು ಎದ್ದು ಮಾತಾಡುತ್ತಾರೆ, ‘ಏನಾಗಿಲ್ಲ ಸಾರ್’ ಅನ್ನುತ್ತಾರೆ, ನೀರು ಕುಡಿದು ಮನೆಗೆ ಹೊರಡುತ್ತಾರೆ. ಬುರುಡೆಯ ಒಳಗೆ ರಕ್ತ ಸೋರುತ್ತಿದ್ದರೆ ಕೆಲವು ಗಂಟೆಗಳಲ್ಲೇ ಅವರ ಪ್ರಜ್ಞೆ ತಪ್ಪಬಹುದು. ತಲೆಗೆ ಪೆಟ್ಟು ಬಿದ್ದವರು ವಾಂತಿ ಮಾಡಿದರೆ, ತೂಕಡಿಸಿದರೆ, ಮಾತು ತಡವರಿಸಿದರೆ, ನಡೆದದ್ದನ್ನು ಮರೆತರೆ ಒಂಟಿಯಾಗಿ ಬಿಡಬೇಡಿ. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಸೇರಿಸಿ. ನಾಳೆ ಗಾಡಿ ಹತ್ತುವಾಗ ನಿಮ್ಮ ಪಟ್ಟಿಯನ್ನೂ ಹಿಂದೆ ಕೂತವರ ಪಟ್ಟಿಯನ್ನೂ ಕಟ್ಟಿದ ಮೇಲೆಯೇ ಸ್ಟಾರ್ಟ್ ಮಾಡಿ.